ಕಟ್ಟಿದಷ್ಟೂ ಕರಗದ ಸಾಲ: ಲಗ್ಗೆರೆಯ ಒಂದು ಕುಟುಂಬದ ಪ್ರಕರಣ ಅಧ್ಯಯನ

ಈ ಪ್ರಕರಣದ ಕುಟುಂಬ ಬೆಂಗಳೂರಿನ ಲಗ್ಗೆರೆಯಲ್ಲಿ ಬಾಡಿಗೆ ಮನೆಯಲ್ಲಿದೆ. ತಂದೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಾಯಿ ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತಾರೆ. ಮಗಳು 2021ರಲ್ಲಿ ಬಿ.ಇ. ಮುಗಿಸಿದ್ದಾಳೆ, ಮಗ ಅವಳಿಗಿಂತ ಏಳು ವರ್ಷ ಚಿಕ್ಕವನು. ಮಗಳ ಓದಿಗೆಂದು ಸರ್ಕಾರಿ ವಲಯದ ಬ್ಯಾಂಕೊಂದರಿಂದ ಪಡೆದ ಶಿಕ್ಷಣ ಸಾಲ ಒಟ್ಟು 7 ಲಕ್ಷ ರೂಪಾಯಿ. ಮೂರು ವರ್ಷಗಳ ಕಂತುಗಳಲ್ಲಿ 3.65 ಲಕ್ಷ ರೂಪಾಯಿಗೂ ಹೆಚ್ಚು ಕಟ್ಟಿದ ಮೇಲೆ, 2025ರ ಆಗಸ್ಟ್ ಕೊನೆಗೆ ಉಳಿದಿದ್ದ ಬಾಕಿ ಸುಮಾರು 8.5 ಲಕ್ಷ ರೂಪಾಯಿ. ಪಡೆದದ್ದಕ್ಕಿಂತ ಒಂದೂವರೆ ಲಕ್ಷ ಹೆಚ್ಚು.

ಬ್ಯಾಂಕು ಲೆಕ್ಕ ತಪ್ಪಿಲ್ಲ, ಯಾರೂ ಇವರಿಗೆ ಮೋಸ ಮಾಡಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ, ಈ ಪ್ರಕರಣವನ್ನು ಬರೆದಿಡಲು ಅದೇ ಕಾರಣ. ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಮಗಳ ಸಂಬಳ ಮತ್ತು ತೆರಿಗೆ ಕಡಿತದ ವಿವರವಿರುವ ಫಾರಂ 16ರ ಜತೆ ಸಾಲದ ಕಾಗದಗಳೂ ನನ್ನ ಮೇಜಿಗೆ ಬಂದವು, ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಏರಿಳಿಯುತ್ತಿದ್ದ ಬಡ್ಡಿ ದರವನ್ನು ಲೆಕ್ಕ ಸರಳವಾಗಲೆಂದು ಎಲ್ಲ ಕಡೆ ಶೇ 10 ಎಂದೇ ಹಿಡಿದಿದ್ದೇನೆ. ಉನ್ನತ ಶಿಕ್ಷಣಕ್ಕೆ ಹಣ ಯಾರು ಕೊಡಬೇಕು, ಓದುವವರೋ ತೆರಿಗೆ ಕಟ್ಟುವವರೋ ಎಂಬ ಚರ್ಚೆ ನಮ್ಮಲ್ಲಿ ಹಳೆಯದು. ಆ ಹಣವನ್ನು ಯಾವ ಹೊತ್ತಿನಲ್ಲಿ, ಯಾವ ಅಳತೆಯಲ್ಲಿ ಕೇಳುತ್ತೇವೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸಿದ್ದು ಈ ಕುಟುಂಬದ ಲೆಕ್ಕ ಹಾಕಿದಾಗ.

ಸೀಟು ಸಿಕ್ಕ ಬಗೆ

2017ರ ಸಿಇಟಿಯಲ್ಲಿ ಹುಡುಗಿಗೆ ಬಂದ ರ‍್ಯಾಂಕಿಗೆ ಅವಳು ಬಯಸಿದ ಎಲೆಕ್ಟ್ರಾನಿಕ್ಸ್ ವಿಭಾಗ ಸರ್ಕಾರಿ ಕೋಟಾದಲ್ಲಿ ಸಿಗಲಿಲ್ಲ. ಕಡಿಮೆ ಆದಾಯದ ಕುಟುಂಬದವರಿಗೆ ಬೋಧನಾ ಶುಲ್ಕ ಮಾಫಿ ಇರುವ ಶೇ 5ರ ಹೆಚ್ಚುವರಿ ಸೀಟುಗಳಿಗೆ, ಅಂದರೆ ಕೌನ್ಸೆಲಿಂಗ್‌ನಲ್ಲಿ ಎಲ್ಲರೂ ಎಸ್‌ಎನ್‌ಕ್ಯೂ ಎನ್ನುವ ಸೀಟುಗಳಿಗೆ, ಇನ್ನೂ ಮೇಲಿನ ರ‍್ಯಾಂಕು ಬೇಕಿತ್ತು. ಸಿವಿಲ್ ವಿಭಾಗದಲ್ಲಿ ಸರ್ಕಾರಿ ಸೀಟು ಸಿಗುತ್ತಿತ್ತು, ಆದರೆ ಆಗ ಸಿವಿಲ್ ಓದಿದವರಿಗೆ ಕೆಲಸವಿಲ್ಲ ಎಂಬ ಮಾತು ಲಗ್ಗೆರೆಯವರೆಗೂ ಹಬ್ಬಿತ್ತು. ಕೊನೆಗೆ ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ಮೂಲಕ ಊರ ಹೊರವಲಯದ ಖಾಸಗಿ ಕಾಲೇಜಿನಲ್ಲಿ ಸೀಟು ಪಡೆದಳು. ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ 1.75 ಲಕ್ಷ ರೂಪಾಯಿ. ಅದೇ ಕೊಠಡಿಯಲ್ಲಿ, ಅದೇ ಮೇಷ್ಟರ ಪಾಠ ಕೇಳುತ್ತ ಪಕ್ಕದ ಬೆಂಚಿನಲ್ಲಿ ಕುಳಿತ ಸಿಇಟಿ ಸೀಟಿನ ವಿದ್ಯಾರ್ಥಿ ಕಟ್ಟುತ್ತಿದ್ದುದು ಇದರ ಅರ್ಧಕ್ಕಿಂತ ಕಡಿಮೆ.

ಒಂದೇ ತರಗತಿಗೆ ಮೂರು ಬೆಲೆ ಇರುವ ಈ ವ್ಯವಸ್ಥೆ ರೂಪುಗೊಂಡದ್ದು ಬಹುಮಟ್ಟಿಗೆ ಕರ್ನಾಟಕದಲ್ಲೇ. ಡೊನೇಷನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆಮೇಲೆ ಸರ್ಕಾರವೇ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಸರ್ಕಾರಿ ಸೀಟಿಗೆ 2,000, ರಾಜ್ಯದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದಿತ್ತು. ಇದನ್ನೇ ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕ ಸಂವಿಧಾನ ವಿರೋಧಿ ಎಂದಿತು. ಮರುವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಉಚಿತ ಸೀಟು ಮತ್ತು ಪೇಮೆಂಟ್ ಸೀಟು ಎಂಬ ವಿಂಗಡಣೆ ಬಂತು. ಪೇಮೆಂಟ್ ಸೀಟಿನವರು ಹೆಚ್ಚು ಕಟ್ಟಿ ಉಚಿತ ಸೀಟಿನವರ ಖರ್ಚನ್ನೂ ತೂಗಿಸುವ ಏರ್ಪಾಡು ಅದು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದ 11 ನ್ಯಾಯಮೂರ್ತಿಗಳ ಪೀಠ ಆ ಏರ್ಪಾಡನ್ನು ಮುರಿದು, ಲಾಭಕೋರತನ ಕೂಡದು, ಆದರೆ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು ಎಂದಿತು. ಅಲ್ಲಿಂದೀಚೆಗೆ ಸರ್ಕಾರ ಮತ್ತು ಖಾಸಗಿ ಕಾಲೇಜುಗಳ ಒಕ್ಕೂಟ ಕುಳಿತು ಮಾಡಿಕೊಳ್ಳುವ ಒಪ್ಪಂದದ ಮೇಲೆಯೇ ನಮ್ಮ ಎಂಜಿನಿಯರಿಂಗ್ ಶುಲ್ಕ ನಿಂತಿದೆ.

ಕೋರ್ಟುಗಳು ಏನೇ ಹೇಳಲಿ, ಒಬ್ಬರ ಅಗ್ಗದ ಸೀಟಿನ ಹೊರೆಯಲ್ಲಿ ಒಂದು ಪಾಲು ಇನ್ನೊಬ್ಬರ ದುಬಾರಿ ಸೀಟಿನ ಮೇಲೆ ಬೀಳುತ್ತಲೇ ಇದೆ ಎಂಬುದು ನನ್ನ ಅನಿಸಿಕೆ. ಹಾಗೆ ಬೀಳುವ ಹೊರೆಗೂ ತೆರಿಗೆಗೂ ಹೆಚ್ಚು ವ್ಯತ್ಯಾಸವಿಲ್ಲ. ತೆರಿಗೆಯನ್ನಾದರೂ ಆದಾಯ ನೋಡಿ ಹಾಕುತ್ತಾರೆ, ಇಲ್ಲಿ ನೋಡುವುದು ರ‍್ಯಾಂಕು. ಒಳ್ಳೆಯ ಕೋಚಿಂಗಿಗೆ ಹಣವಿದ್ದ ಮನೆಯ ಮಕ್ಕಳಿಗೆ ಒಳ್ಳೆಯ ರ‍್ಯಾಂಕು ಬರುವ ಸಾಧ್ಯತೆ ಹೆಚ್ಚಿರುವಾಗ, ಪೀಣ್ಯದ ಸೂಪರ್‌ವೈಸರ್ ಜಯನಗರದ ವೈದ್ಯರ ಮಗನ ಶುಲ್ಕಕ್ಕೆ ಕೈಹಚ್ಚುವ ಸಂದರ್ಭವೂ ಬರಬಹುದು.

18,000 ರೂಪಾಯಿ ಹೆಚ್ಚು ಸಂಬಳ

7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ 2015ರಿಂದ ಕೇಂದ್ರದ ಖಾತರಿ ನಿಧಿ ಇರುವುದರಿಂದ ಆಸ್ತಿ ಅಡಮಾನವಾಗಲಿ ಹೊರಗಿನವರ ಜಾಮೀನಾಗಲಿ ಬೇಕಿಲ್ಲ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. ಇಲ್ಲಿ ತಂದೆ ಹಾಕಿದರು. ನಾಲ್ಕು ವರ್ಷ, ಪ್ರತಿ ಆಗಸ್ಟ್‌ನಲ್ಲಿ 1.75 ಲಕ್ಷ ರೂಪಾಯಿ ಕಾಲೇಜಿಗೆ ನೇರವಾಗಿ ಹೋಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಸರಳ ಬಡ್ಡಿ ಓಡುತ್ತಿರುತ್ತದೆ. ಮೊದಲ ವರ್ಷ ಪಡೆದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 2.45 ಲಕ್ಷ ರೂಪಾಯಿ ಬಡ್ಡಿ 2022ರ ಆಗಸ್ಟ್‌ನಲ್ಲಿ ಅಸಲಿಗೆ ಸೇರಿ, ಸಾಲ 9.45 ಲಕ್ಷವಾಯಿತು. 15 ವರ್ಷಗಳ ಅವಧಿಗೆ ತಿಂಗಳ ಕಂತು 10,155 ರೂಪಾಯಿ. ಒಂದೂ ತಪ್ಪದೆ ಕಟ್ಟಿದರೂ 2037ರ ಆಗಸ್ಟ್‌ಗೆ ಒಟ್ಟು ಕಟ್ಟಿರುವುದು 18.28 ಲಕ್ಷ ರೂಪಾಯಿ.

ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ದರದಲ್ಲಿ ಶೇ 1ರಷ್ಟು ರಿಯಾಯಿತಿ ಇದೆ. ಮೊದಲ ವರ್ಷ ಅದು ತಿಂಗಳಿಗೆ 1,460 ರೂಪಾಯಿಯಷ್ಟೇ ಆಗುತ್ತಿತ್ತು, ನಾಲ್ಕನೆಯ ವರ್ಷಕ್ಕೆ 5,800 ದಾಟುತ್ತಿತ್ತು. ಮನೆ ಬಾಡಿಗೆಯ ಜತೆ ಅದನ್ನು ತೂಗಿಸುವ ಶಕ್ತಿ ಇವರಿಗೆ ಇರಲಿಲ್ಲ.

ಆ 2.45 ಲಕ್ಷವನ್ನು ಇವರು ಹೊರಬೇಕಾಗಿಯೇ ಇರಲಿಲ್ಲ ಎಂಬುದು ಈ ಪ್ರಕರಣದ ಮುಖ್ಯ ಸಂಗತಿ. ವೃತ್ತಿಪರ ಕೋರ್ಸುಗಳಿಗೆ ಸಾಲ ಪಡೆದವರ ಓದಿನ ಅವಧಿಯ ಮತ್ತು ಅದರ ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಿಂದ ಇದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು ಎಂಬುದು ಷರತ್ತು. 2017ರಲ್ಲಿ ತಂದೆಯ ತಿಂಗಳ ಸಂಬಳ ಓಟಿ ಸೇರಿ 39,000, ವರ್ಷಕ್ಕೆ 4.68 ಲಕ್ಷ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಅದೇ ಮೊತ್ತ ಬಂತು, ಅರ್ಜಿ ಅಲ್ಲಿಗೇ ನಿಂತಿತು. ವರ್ಷಕ್ಕೆ 18,000 ರೂಪಾಯಿ ಹೆಚ್ಚು ಗಳಿಸಿದ್ದಕ್ಕೆ 2.45 ಲಕ್ಷದ ನೆರವು ಕೈತಪ್ಪಿತು, ಆ 2.45 ಲಕ್ಷದ ಮೇಲೆ ಮುಂದಿನ 15 ವರ್ಷ ಚಕ್ರಬಡ್ಡಿಯೂ ಬಿತ್ತು. ಅದು ಸೇರದೆ ಸಾಲ 7 ಲಕ್ಷದಲ್ಲೇ ನಿಂತಿದ್ದರೆ ತಿಂಗಳ ಕಂತು 7,522 ರೂಪಾಯಿ ಇರುತ್ತಿತ್ತು.

‘ಸಾರ್, ಓಟಿ ಮಾಡದೆ ಇದ್ದಿದ್ರೆ ಲಾಭ ಇತ್ತು ಅಂತೀರಾ?’ ಎಂದು ತಂದೆ ನನ್ನನ್ನು ಕೇಳಿದರು. ಹೌದು ಎನ್ನುವುದೇ ಲೆಕ್ಕಕ್ಕೆ ನಿಲ್ಲುವ ಉತ್ತರ. ಹಿಂದುಳಿದ ವರ್ಗದವರಿಗೆ ರಾಜ್ಯದ ದೇವರಾಜ ಅರಸು ನಿಗಮದ ಕಡಿಮೆ ಬಡ್ಡಿಯ ‘ಅರಿವು’ ಸಾಲವಿದೆ, ಅದರ ಆದಾಯ ಮಿತಿ ಇನ್ನೂ ಕೆಳಗಿದ್ದುದರಿಂದ ಅದೂ ಇವರಿಗೆ ಎಟುಕಲಿಲ್ಲ. ನಮ್ಮ ಯೋಜನೆಗಳ ಆದಾಯ ಮಿತಿಗಳು ಇಳಿಜಾರಾಗಿಲ್ಲ, ಕಡಿದಾದ ಅಂಚಿನಂತಿವೆ. ಗೆರೆಯ ಈಚೆಗಿದ್ದವರಿಗೆ ಪೂರ್ಣ ನೆರವು, ಆಚೆಗಿದ್ದವರಿಗೆ ಸೊನ್ನೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇನ್ನೊಂದು ಮೆಟ್ಟಿಲು ಸೇರಿದೆ. ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ದೊರೆಯುತ್ತದೆ. ಒಳ್ಳೆಯ ತಿದ್ದುಪಡಿಯೇ. ಆದರೆ ಅಲ್ಲಿ ಇನ್ನೊಂದು ಅಂಚು ಹುಟ್ಟಿಕೊಂಡಿದೆ: ರಾಷ್ಟ್ರೀಯ ರ‍್ಯಾಂಕಿಂಗ್‌ನ ಮೇಲ್ಪಂಕ್ತಿಯಲ್ಲಿರುವ (ಆರಂಭದಲ್ಲಿ ಸುಮಾರು 860) ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ ಅದು ಅನ್ವಯ. ಹಳೆಯ ಸಾಲಗಾರರಿಗಂತೂ ಅದರಿಂದ ಏನೂ ಇಲ್ಲ.

ಏಳು ತಿಂಗಳು

2021ರ ಅಕ್ಟೋಬರ್‌ನಲ್ಲಿ ಹುಡುಗಿಗೆ ಸಾಫ್ಟ್‌ವೇರ್ ಪರೀಕ್ಷಿಸುವ ಸಣ್ಣ ಕಂಪನಿಯೊಂದರಲ್ಲಿ ವರ್ಷಕ್ಕೆ 3.6 ಲಕ್ಷದ ಕೆಲಸ ಸಿಕ್ಕಿತು. ಪಿಎಫ್, ವೃತ್ತಿ ತೆರಿಗೆ ಕಳೆದು ಕೈಗೆ ಬರುತ್ತಿದ್ದುದು ತಿಂಗಳಿಗೆ 26,000 ಚಿಲ್ಲರೆ. 2022ರ ಸೆಪ್ಟೆಂಬರ್‌ನಿಂದ ಅದರಲ್ಲಿ 10,155 ಕಂತಿಗೆ ಹೋಗತೊಡಗಿತು. ಮನೆಗೆ 10,000 ಕೊಡುತ್ತಿದ್ದಳು. ಮಿಕ್ಕ ಆರು ಸಾವಿರದಲ್ಲಿ ಬಿಎಂಟಿಸಿ ಪಾಸು, ಊಟ, ಬಟ್ಟೆ. 2023ರ ನವೆಂಬರ್ ಕೊನೆಗೆ ಪ್ರಾಜೆಕ್ಟ್ ಮುಗಿಯಿತೆಂದು ಕಂಪನಿ ಅವಳನ್ನೂ ಸೇರಿಸಿ ಹಲವರನ್ನು ಕೈಬಿಟ್ಟಿತು. ಡಿಸೆಂಬರ್, ಜನವರಿ ಕಂತುಗಳನ್ನು ಉಳಿತಾಯದಿಂದ ಕಟ್ಟಿದಳು. ಫೆಬ್ರವರಿಯಿಂದ ಕಟ್ಟಲಾಗಲಿಲ್ಲ.

90 ದಿನ ಬಾಕಿ ಉಳಿದ ಸಾಲ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ, ಇದು ರಿಸರ್ವ್ ಬ್ಯಾಂಕಿನ ನಿಯಮ. ಮೇ ತಿಂಗಳಲ್ಲಿ ಖಾತೆ ಎನ್‌ಪಿಎ ಆಯಿತು. ಅದರ ಕಲೆ ಸಾಲ ತೀರಿಸಿದ ಚರಿತ್ರೆ ತೋರಿಸುವ ಮಗಳ ಸಿಬಿಲ್ ದಾಖಲೆಗಷ್ಟೇ ಅಲ್ಲ, ಸಹ-ಸಾಲಗಾರರಾದ ತಂದೆಯ ದಾಖಲೆಗೂ ಅಂಟಿತು. ಆ ಏಪ್ರಿಲ್‌ನಲ್ಲಷ್ಟೇ ಮಗನ ದ್ವಿತೀಯ ಪಿಯು ಫಲಿತಾಂಶ ಬಂದಿತ್ತು. ಜೂನ್‌ನಲ್ಲಿ ಅವನ ಎಂಜಿನಿಯರಿಂಗ್ ಸೀಟಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಕಂಪ್ಯೂಟರ್ ಪರದೆಯನ್ನು ತಂದೆಯ ಕಡೆಗೆ ತಿರುಗಿಸಿ, ಕೆಂಪು ಬಣ್ಣದ ಸಾಲೊಂದನ್ನು ಬೆರಳಿಟ್ಟು ತೋರಿಸಿದರು. 20 ವರ್ಷ ಒಂದು ಚೀಟಿಯ ಕಂತನ್ನೂ ತಪ್ಪಿಸದವರು ಸುಸ್ತಿದಾರರಾಗಿದ್ದರು. ಬಾಕಿ ಪೂರ್ತಿ ತೀರಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ, ಅರ್ಧ ಕಟ್ಟಿದರೆ ಆಗುವುದಿಲ್ಲ. ಜುಲೈಯಲ್ಲಿ ಮಗಳಿಗೆ ವರ್ಷಕ್ಕೆ 6.6 ಲಕ್ಷದ ಹೊಸ ಕೆಲಸ ಸಿಕ್ಕಿ, ಡಿಸೆಂಬರ್ ಹೊತ್ತಿಗೆ ಆರು ತಿಂಗಳ ಬಾಕಿಯನ್ನು ತೀರಿಸುವಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು. ಮಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಸೇರಿದ್ದಾನೆ. ಅಲ್ಲಿನ ವರ್ಷದ ಶುಲ್ಕ ಅಕ್ಕನ ಒಂದು ತಿಂಗಳ ಕಂತಿಗಿಂತ ಕಡಿಮೆ.

ಅದೇ ಹೊತ್ತಿನಲ್ಲಿ ರಾಜ್ಯ ಸರ್ಕಾರದ ಯುವನಿಧಿ ಆರಂಭವಾಗಿತ್ತು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. 2022–23ರಲ್ಲಿ ಉತ್ತೀರ್ಣರಾದವರಿಂದ ಮೊದಲಾದ ಯೋಜನೆಯಾದ್ದರಿಂದ 2021ರಲ್ಲಿ ಮುಗಿಸಿದ ಇವಳಿಗೆ ಅದು ಬರಲಿಲ್ಲ. ಬಂದಿದ್ದರೂ ಕಂತಿನ ಮೂರನೇ ಒಂದರಷ್ಟೂ ಆಗುತ್ತಿರಲಿಲ್ಲ.

ತೆರಿಗೆಯ ಕಡೆಯಿಂದ ನೋಡಿದರೆ

ಶಿಕ್ಷಣ ಸಾಲದ ಬಡ್ಡಿಗೆ 1961ರ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ ಎಂಬುದು ಸಾಲ ಕೊಡುವಾಗ ಬ್ಯಾಂಕುಗಳು ತಪ್ಪದೆ ಹೇಳುವ ಮಾತು. ಮಿತಿಯಿಲ್ಲದ ವಿನಾಯಿತಿ: ವರ್ಷದಲ್ಲಿ ಕಟ್ಟಿದ ಬಡ್ಡಿಯನ್ನೆಲ್ಲ ಆದಾಯದಿಂದ ಕಳೆಯಬಹುದು, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಒಟ್ಟು 8 ವರ್ಷ. ಈ ಹುಡುಗಿ ನನ್ನಲ್ಲಿಗೆ ಬಂದದ್ದೂ ಅದಕ್ಕೇ. ‘ಸರ್, ಬಡ್ಡಿ ಸರ್ಟಿಫಿಕೇಟ್ ತಂದಿದೀನಿ, ಎಷ್ಟು ವಾಪಸ್ ಬರುತ್ತೆ?’ ಎಂದಳು.

ಏನೂ ಬರುವುದಿಲ್ಲ. ಮೊದಲ ವರ್ಷ ಅವಳು ಕಟ್ಟಿದ ಬಡ್ಡಿ 93,000 ರೂಪಾಯಿ. ಆದರೆ 3.6 ಲಕ್ಷ ಸಂಬಳಕ್ಕೆ ವಿನಾಯಿತಿಗಳಿರುವ ಹಳೆಯ ತೆರಿಗೆ ಪದ್ಧತಿಯಲ್ಲೂ, ಬಹುತೇಕ ವಿನಾಯಿತಿಗಳಿಲ್ಲದ ಹೊಸ ಪದ್ಧತಿಯಲ್ಲೂ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಕಳೆಯುವುದೇನು? 2024–25ರಲ್ಲಿ ಸಂಬಳ ಏರಿದ ಮೇಲೂ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಬೇಟ್ (ತೆರಿಗೆ ಮನ್ನಾ) ಇದ್ದುದರಿಂದ ತೆರಿಗೆ ಸೊನ್ನೆ. 2025ರ ಬಜೆಟ್ ಆ ಮಿತಿಯನ್ನು 12 ಲಕ್ಷಕ್ಕೆ ಏರಿಸಿದಾಗ ಬೆಂಗಳೂರಿನ ಕಚೇರಿಗಳಲ್ಲೆಲ್ಲ ಸಿಹಿ ಹಂಚಿದರು. ಇವಳಿಗೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಹೊಸ ಪದ್ಧತಿಯಲ್ಲಿ 80ಇ ಲೆಕ್ಕಕ್ಕೇ ಬರುವುದಿಲ್ಲ, 2023–24ರಿಂದ ಅದೇ ತಾನಾಗಿ ಅನ್ವಯವಾಗುವ ಪದ್ಧತಿ. ಎಂಟು ವರ್ಷದ ಗಡಿಯಾರ ಮಾತ್ರ 2022–23ರಲ್ಲೇ ಓಡಲು ಶುರುವಾಗಿದೆ, 2030ರ ಮಾರ್ಚ್‌ಗೆ ನಿಲ್ಲುತ್ತದೆ. ಸಾಲದ ಅವಧಿ 15 ವರ್ಷ, ವಿನಾಯಿತಿಯದು 8. ಬಡ್ಡಿ ಅತಿ ಹೆಚ್ಚಾಗಿರುವುದು ಮೊದಲ ವರ್ಷಗಳಲ್ಲಿ, ಆಗ ಸಂಬಳ ಅತಿ ಕಡಿಮೆ. ಇವಳು ತೆರಿಗೆ ಕಟ್ಟುವ ಸಂಬಳಕ್ಕೆ ಏರುವ ಹೊತ್ತಿಗೆ ಬಡ್ಡಿ ಇಳಿದಿರುತ್ತದೆ, ಅವಧಿಯೂ ತೀರಿರುತ್ತದೆ.

ನನ್ನಲ್ಲಿಗೇ ಬರುವ ಇನ್ನೊಬ್ಬರದು ಬೇರೆ ಲೆಕ್ಕ. ದೊಡ್ಡ ಕಂಪನಿಯ ಮ್ಯಾನೇಜರ್, ಗೃಹಸಾಲ ಮತ್ತು ಮನೆ ಬಾಡಿಗೆ ಭತ್ಯೆಯ ಕಾರಣಕ್ಕೆ ಹಳೆಯ ಪದ್ಧತಿಯಲ್ಲೇ ಉಳಿದವರು, ಶೇ 30ರ ಹಂತದಲ್ಲಿದ್ದಾರೆ. ಮಗನನ್ನು ಅಮೆರಿಕಕ್ಕೆ ಓದಲು ಕಳಿಸಲು 40 ಲಕ್ಷ ಸಾಲ ಮಾಡಿದ್ದಾರೆ. ಮಕ್ಕಳ ಓದಿಗೆ ಮಾಡಿದ ಸಾಲಕ್ಕೂ 80ಇ ಅನ್ವಯಿಸುತ್ತದೆ, ವಿದೇಶದ ಓದಿಗೂ ಅನ್ವಯಿಸುತ್ತದೆ. ವರ್ಷಕ್ಕೆ 4 ಲಕ್ಷ ಬಡ್ಡಿ ಕಟ್ಟಿದರೆ ಸೆಸ್ ಸೇರಿ ಅವರಿಗೆ ಉಳಿಯುವ ತೆರಿಗೆ 1,24,800 ರೂಪಾಯಿ. ಅಂಥ ಸಾಲದ ಹಣವನ್ನು ಹೊರದೇಶಕ್ಕೆ ಕಳಿಸುವಾಗ ಬ್ಯಾಂಕು ಮುಂಗಡವಾಗಿ ಹಿಡಿಯುತ್ತಿದ್ದ ತೆರಿಗೆ, ಅಂದರೆ ಟಿಸಿಎಸ್ ಕೂಡ 2025ರ ಏಪ್ರಿಲ್‌ನಿಂದ ಇಲ್ಲ. ಅವರು ಕಾನೂನು ಕೊಟ್ಟಷ್ಟನ್ನೇ ಪಡೆದಿದ್ದಾರೆ, ಆ ಅರ್ಜಿ ತುಂಬಿದವನು ನಾನೇ. ಆದರೆ ಖಜಾನೆ ಬಿಟ್ಟುಕೊಟ್ಟ ತೆರಿಗೆಯೂ ಖಜಾನೆ ಮಾಡಿದ ಖರ್ಚೇ ಎಂದು ಒಪ್ಪುವುದಾದರೆ, ಒಂದೇ ವರ್ಷದಲ್ಲಿ ಅದು ಆ ಮನೆಯ ಶಿಕ್ಷಣಕ್ಕೆ ಒಂದೂಕಾಲು ಲಕ್ಷ ಕೊಟ್ಟಿದೆ, ಲಗ್ಗೆರೆಯ ಮನೆಗೆ ಬಿಡಿಕಾಸೂ ಕೊಟ್ಟಿಲ್ಲ.

ಮಾವನ ವಾದ

ಹುಡುಗಿಯ ಸೋದರಮಾವ ಆಟೋ ಓಡಿಸುತ್ತಾರೆ. ಒಮ್ಮೆ ಅವರೂ ಜತೆಗೆ ಬಂದಿದ್ದರು. ಕಾಲೇಜು ಶುಲ್ಕವನ್ನೆಲ್ಲ ಸರ್ಕಾರವೇ ಕಟ್ಟಬೇಕು ಎಂದು ಅಕ್ಕನ ಮಗಳು ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ: ‘ಅಲ್ಲಮ್ಮ, ನಾನು ಎಸ್ಸೆಸ್ಸೆಲ್ಸಿ ಫೇಲು. ಆಟೋಗೆ ಹಾಕೋ ಗ್ಯಾಸಿಗೂ ಟ್ಯಾಕ್ಸು, ಮೈಗೆ ಹಚ್ಚೋ ಸೋಪಿಗೂ ಟ್ಯಾಕ್ಸು. ನನ್ನ ದುಡ್ಡಲ್ಲಿ ನೀನು ಓದಿ ವೈಟ್‌ಫೀಲ್ಡಲ್ಲಿ ಏಸಿಲಿ ಕೂತ್ಕೊಂಡ್ರೆ ನನಗೇನು ಬಂತು?’

ಇದನ್ನು ತಳ್ಳಿಹಾಕುವಂತಿಲ್ಲ. ಆದಾಯ ತೆರಿಗೆ ಕಟ್ಟದವರೆಲ್ಲ ತೆರಿಗೆ ಕಟ್ಟದವರಲ್ಲ. ಜಿಎಸ್‌ಟಿ ಎಲ್ಲರಿಂದಲೂ ಬರುತ್ತದೆ. ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದರೆ ಕಾಲೇಜು ಮೆಟ್ಟಿಲು ಹತ್ತದವರು ಹತ್ತಿದವರ ಖರ್ಚಿನ ಒಂದು ಪಾಲನ್ನು ಹೊರುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನೇಮಿಸಿದ್ದ ನ್ಯಾಯಮೂರ್ತಿ ಪುನ್ನಯ್ಯ ಸಮಿತಿ 1993ರಲ್ಲೇ, ವಿಶ್ವವಿದ್ಯಾಲಯಗಳು ತಮ್ಮ ನಿತ್ಯದ ವೆಚ್ಚದ ಶೇ 15ರಷ್ಟನ್ನು ಸ್ವಂತವಾಗಿ ಸಂಪಾದಿಸಿ ಹತ್ತು ವರ್ಷಗಳಲ್ಲಿ ಅದನ್ನು ಶೇ 25ಕ್ಕೆ ಏರಿಸಬೇಕೆಂದು ಹೇಳಿತ್ತು. ಮಾವನ ವಾದಕ್ಕೆ ಅಷ್ಟು ಹಳೆಯ ಬೆಂಬಲವಿದೆ.

ಆದರೆ ಅದೇ ಮಾವನ ಮಾತನ್ನು ತಿರುಗಿಸಿಯೂ ನೋಡಬೇಕು. ಇವಳ ಓದಿಗೆ ಅವರ ತೆರಿಗೆಯಿಂದ ಏನೂ ಹೋಗಿಲ್ಲ. ಅವರ ತೆರಿಗೆಯ ಪಾಲು ಹೋಗಿದ್ದರೆ ಮ್ಯಾನೇಜರ್ ಮನೆಯ 1,24,800ಕ್ಕೆ ಹೋಗಿದೆ. ಕಟ್ಟುವ ಶಕ್ತಿ ಇದ್ದವರಿಗೆ ಬಿಟ್ಟುಕೊಟ್ಟ ತೆರಿಗೆಯ ಬಗ್ಗೆ ನಮ್ಮಲ್ಲಿ ಸದ್ದು ಕಡಿಮೆ, ಏಕೆಂದರೆ ಅದು ಬಜೆಟ್ ಭಾಷಣದಲ್ಲಿ ಉಚಿತ ಕೊಡುಗೆ ಎನ್ನಿಸಿಕೊಳ್ಳುವುದಿಲ್ಲ.

ರಾಜ್ಯ ಸರ್ಕಾರ ಪದವೀಧರರಿಂದಲೇ ತೆರಿಗೆ ಪಡೆದು ಕಾಲೇಜುಗಳಿಗೆ ಹಾಕಲಿ ಎಂದರೆ ಅದಕ್ಕೆ ದಾರಿಯಿಲ್ಲ. ಕೃಷಿಯೇತರ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ರಾಜ್ಯದ ಕೈಯಲ್ಲಿರುವುದು ವೃತ್ತಿ ತೆರಿಗೆ, ಅದಕ್ಕೂ ಸಂವಿಧಾನದ 276ನೇ ವಿಧಿ 1988ರಿಂದ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಕರ್ನಾಟಕ ಆ ಮಿತಿ ಮುಟ್ಟಿಯಾಗಿದೆ: ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300. ಬೆಂಗಳೂರಿನ ಪದವೀಧರರ ಸಂಬಳದಿಂದ ಬರುವ ಆದಾಯ ತೆರಿಗೆ ದೆಹಲಿಗೆ ಹೋಗಿ ಹಂಚಿಕೆಯಾಗಿ ಬರುತ್ತದೆ. 14ನೇ ಹಣಕಾಸು ಆಯೋಗ ಆ ಹಂಚಿಕೆಯಲ್ಲಿ ಕರ್ನಾಟಕಕ್ಕೆ ಇಟ್ಟಿದ್ದ ಶೇ 4.713ರ ಪಾಲನ್ನು 15ನೇ ಆಯೋಗ ಶೇ 3.647ಕ್ಕೆ ಇಳಿಸಿತು. ಆದಾಯ ತೆರಿಗೆಯ ಮೇಲೆ ಹಾಕುವ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಹಂಚಿಕೆಗೇ ಬರುವುದಿಲ್ಲ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದು ಶೇ 2, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಶೇ 1 ಎಂದು ಬಂದದ್ದು 2018ರಲ್ಲಿ ಈ ರೂಪ ತಾಳಿತು. ಸರ್ಕಾರಿ ಕಾಲೇಜು ನಡೆಸುವ ಖರ್ಚು ಬಹುಪಾಲು ರಾಜ್ಯದ್ದು, ಅಲ್ಲಿ ಓದಿದವರ ತೆರಿಗೆ ಹೋಗುವುದು ಕೇಂದ್ರಕ್ಕೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1917ರಲ್ಲಿ ವಿಶ್ವೇಶ್ವರಯ್ಯನವರು ಕೆ.ಆರ್. ವೃತ್ತದ ಬಳಿ ಸ್ಥಾಪಿಸಿದ ಎಂಜಿನಿಯರಿಂಗ್ ಕಾಲೇಜಿನಂಥವು ಇಷ್ಟು ಬೆಳೆದ ಊರಿನಲ್ಲಿ ಇಂದಿಗೂ ಬೆರಳೆಣಿಕೆಯಷ್ಟೇ ಇರುವುದಕ್ಕೆ ಇದೊಂದೇ ಕಾರಣವಲ್ಲ. ಆದರೆ ಇದೂ ಒಂದು.

ಬೇರೆ ಕಡೆಯ ಏರ್ಪಾಡು ಇಲ್ಲಿ ತಂದರೆ

ಆಸ್ಟ್ರೇಲಿಯ 1989ರಿಂದಲೂ ಶುಲ್ಕದ ಸಾಲವನ್ನು ತೆರಿಗೆ ಇಲಾಖೆಯ ಮೂಲಕ ವಸೂಲು ಮಾಡುತ್ತದೆ. ಸಂಬಳ ಇಂತಿಷ್ಟು ಮೀರಿದರೆ ಮಾತ್ರ ಕಟ್ಟಬೇಕು, ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಇಂಗ್ಲೆಂಡ್ ಕೂಡ ಇದೇ ದಾರಿ ಹಿಡಿದಿದೆ. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಎಂದು ಆರಂಭವಾದ ಶುಲ್ಕ 2006ರಲ್ಲಿ 3,000, 2012ರಲ್ಲಿ 9,000 ಆಯಿತು. 2012ರ ನಂತರದವರು ನಿಗದಿತ ಆದಾಯದ ಮೇಲಿನ ಗಳಿಕೆಯಲ್ಲಿ ಶೇ 9 ಕಟ್ಟುತ್ತಾರೆ, 30 ವರ್ಷದ ನಂತರ ಉಳಿದದ್ದು ಮನ್ನಾ. ಹೆಸರಿಗೆ ಸಾಲ, ನಡೆಯುವುದು ಪದವೀಧರರ ಮೇಲಿನ ತೆರಿಗೆಯಂತೆ. ಅಲ್ಲೂ ಎಲ್ಲ ಸರಿಯಾಗಿಲ್ಲ: ಕಟ್ಟುತ್ತಿದ್ದರೂ ಬಾಕಿ ಬೆಳೆಯುತ್ತದೆ ಎಂಬ ದೂರು ದೊಡ್ಡದಾಗಿದೆ, 2023ರಿಂದ ಸೇರಿದವರಿಗೆ ಮನ್ನಾ ಅವಧಿಯನ್ನು 40 ವರ್ಷಕ್ಕೆ ಏರಿಸಿದ್ದಾರೆ.

ಈ ಹುಡುಗಿಯ ಲೆಕ್ಕಕ್ಕೆ ಅದನ್ನು ಹೊಂದಿಸಿ ನೋಡೋಣ. ವರ್ಷಕ್ಕೆ 4 ಲಕ್ಷದ ಮೇಲಿನ ಆದಾಯದ ಶೇ 9 ಎಂದುಕೊಂಡರೆ, ಮೊದಲ ಕೆಲಸದಲ್ಲಿ ಅವಳು ಏನೂ ಕಟ್ಟಬೇಕಿರಲಿಲ್ಲ. ಕೆಲಸವಿಲ್ಲದ ಏಳು ತಿಂಗಳೂ ಅಷ್ಟೇ. ಖಾತೆ ಎನ್‌ಪಿಎ ಆಗುತ್ತಿರಲಿಲ್ಲ, ತಂದೆಯ ಸಹಿ ಬೇಕಿರಲಿಲ್ಲ, ತಮ್ಮನ ಸಾಲಕ್ಕೆ ಅಡ್ಡಿಯೂ ಇರುತ್ತಿರಲಿಲ್ಲ. ಈಗಿನ 6.6 ಲಕ್ಷಕ್ಕೆ ವರ್ಷಕ್ಕೆ 23,400, ಅಂದರೆ ತಿಂಗಳಿಗೆ 1,950 ರೂಪಾಯಿ.

ಕೇಳಲು ಹಿತವಾಗಿದೆ. ಆದರೆ 9.45 ಲಕ್ಷದ ಮೇಲಿನ ಬಡ್ಡಿ ವರ್ಷಕ್ಕೆ 90,000ದ ಆಸುಪಾಸು ಇರುವಾಗ 23,400 ಕಟ್ಟಿದರೆ ಸಾಲ ವರ್ಷವರ್ಷವೂ ಬೆಳೆಯುತ್ತದೆ. ಬಡ್ಡಿಯನ್ನು ಅರ್ಧ ಮಾಡಿದರೂ ಬೆಳೆಯುತ್ತದೆ. ಕೊನೆಗೆ ಮನ್ನಾ ಆಗುವ ಮೊತ್ತವನ್ನು ಹೊರುವವರಲ್ಲಿ ಆಟೋ ಮಾವನೂ ಒಬ್ಬರು. ಇಂಗ್ಲೆಂಡಿನ ಅಂಕಿಗಳನ್ನು ಹಾಗೆಯೇ ತಂದು ಇಲ್ಲಿ ಹಚ್ಚುವುದು ಆಗದ ಮಾತು. ಪದವೀಧರರ ಸಂಬಳವೇ ಕಡಿಮೆ ಇರುವ ಕಡೆ, ವಸೂಲಿಯ ಪ್ರಮಾಣ ಹೆಚ್ಚಿರಬೇಕು ಅಥವಾ ಮೂಲದ ಶುಲ್ಕವೇ ಕಡಿಮೆ ಇರಬೇಕು. ಸಾಲ ಸುಲಭವಾಗಿ ಸಿಗುತ್ತದೆಂದು ಕಾಲೇಜುಗಳು ಶುಲ್ಕ ಏರಿಸುವ ಭಯವೂ ಇದ್ದೇ ಇದೆ.

ನನಗೆ ಮಾಡಬಹುದು ಎನ್ನಿಸುವುದು ಇದಕ್ಕಿಂತ ಸಣ್ಣದು. ಓದುವ ಕಾಲದ ಬಡ್ಡಿಯನ್ನು 4.5 ಲಕ್ಷದ ಅಂಚಿನಲ್ಲಿ ಕತ್ತರಿಸುವ ಬದಲು, ಆದಾಯ ಏರಿದಂತೆ ನೆರವು ಇಳಿಯುವಂತೆ ಮಾಡಬಹುದು. ಆ ರೀತಿಯಲ್ಲಿ 4.68 ಲಕ್ಷದವರಿಗೆ ಬಡ್ಡಿಯ ದೊಡ್ಡ ಪಾಲು ಉಳಿಯುತ್ತಿತ್ತು. 80ಇ ಅಡಿಯಲ್ಲಿ ಬಿಟ್ಟುಕೊಡುವ ಹಣವನ್ನೇ ಅದಕ್ಕೆ ತಿರುಗಿಸಬಹುದು. ಸಂಬಳದಿಂದ ಟಿಡಿಎಸ್, ಪಿಎಫ್, ವೃತ್ತಿ ತೆರಿಗೆ ಮುರಿದುಕೊಳ್ಳುವ ವ್ಯವಸ್ಥೆ ಎಲ್ಲ ಕಂಪನಿಗಳಲ್ಲೂ ಇರುವಾಗ, ಕಂತನ್ನೂ ಸಂಬಳದ ಇಂತಿಷ್ಟು ಪಾಲು ಎಂದು ಅಲ್ಲಿಯೇ ಮುರಿದುಕೊಂಡು, ಸಂಬಳ ನಿಂತ ತಿಂಗಳು ಕಂತೂ ನಿಲ್ಲುವಂತೆ ಮಾಡುವುದು ಕಷ್ಟವಲ್ಲ. ಶೇ 15 ಎಂದಿಟ್ಟರೆ ಮೊದಲ ಕೆಲಸದಲ್ಲಿ ಇವಳ ಕಂತು 4,500 ಇರುತ್ತಿತ್ತು, ಈಗ 8,250. ಸಾಲ ತೀರಲು ಕೆಲವು ವರ್ಷ ಹೆಚ್ಚು ಬೇಕಾಗಬಹುದು. ಸ್ವಂತ ದುಡಿಮೆಯವರಿಗೆ, ಸಂಬಳದ ಚೀಟಿಯೇ ಇಲ್ಲದವರಿಗೆ ಇದು ಒಗ್ಗುವುದಿಲ್ಲ, ಅಂಥವರು ನಮ್ಮಲ್ಲಿ ಬಹಳ ಇದ್ದಾರೆ.

ಸದ್ಯದ ಸ್ಥಿತಿ

2025ರ ಆಗಸ್ಟ್‌ನಲ್ಲಿ ಕುಟುಂಬ ನನ್ನ ಮುಂದಿಟ್ಟ ಪ್ರಶ್ನೆ ಇದ್ಯಾವುದೂ ಅಲ್ಲ. ಸಂಬಳದಲ್ಲಿ ತಿಂಗಳಿಗೆ ಐದು ಸಾವಿರ ಉಳಿಯುತ್ತಿದೆ, ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟೋಣವೇ ಎಂಬುದು. ಶಿಕ್ಷಣ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ. 5,000 ಪೂರ್ತಿ ಹಾಕಿದರೆ 2037ರ ಬದಲು 2031ರ ಕೊನೆಗೆ ಸಾಲ ಮುಗಿದು, ಸುಮಾರು 3.1 ಲಕ್ಷ ರೂಪಾಯಿ ಉಳಿಯುತ್ತದೆ. ಶೇ 10 ತೆರಿಗೆರಹಿತ ಗಳಿಕೆ ಕೊಡುವ ಬೇರೆ ಉಳಿತಾಯ ಇಲ್ಲ ಎಂದು ಹೇಳಿದೆ, ಆದರೆ ಇನ್ನೊಮ್ಮೆ ಕೆಲಸ ಹೋದರೆ ನಾಲ್ಕು ತಿಂಗಳ ಕಂತಿಗಾಗುವಷ್ಟು ಹಣ ಕೈಯಲ್ಲಿರಬೇಕು ಎಂದೂ ಹೇಳಿದೆ. ಅವಳು 3,000ವನ್ನು ಸಾಲಕ್ಕೂ 2,000ವನ್ನು ಬ್ಯಾಂಕಿನ ಆರ್‌ಡಿಗೂ ಹಂಚಿದ್ದಾಳೆ. ಹೀಗೇ ನಡೆದರೆ ಕೊನೆಯ ಕಂತು 2033ರ ಮಧ್ಯಭಾಗದಲ್ಲಿ ಬೀಳುತ್ತದೆ. ತಮ್ಮ ಎಂಸಿಎ ಓದಬೇಕೆಂದಿದ್ದಾನೆ. ಈ ಸಲ ಸಹ-ಸಾಲಗಾರರ ಸಹಿ ತಂದೆಯದಲ್ಲ, ತನ್ನದು ಎಂದು ಅಕ್ಕ ಹೇಳಿದ್ದಾಳೆ.